ತಾಳೆ ಸಸಿ: ಎತ್ತರ ಇರೋದನ್ನೇ ಆರಿಸಬೇಕಾ?

ಕಾಲುವೆ_ಕೊನೆ:
ನಮಸ್ಕಾರ. ಇರೋದು ಬೆಂಗಳೂರಿನ ರಾಜಾಜಿನಗರದಲ್ಲಿ, ಜಮೀನು ಮಲೇಬೆನ್ನೂರು ಕಡೆ. ಭದ್ರಾ ನೀರಿದೆ, ಬೋರ್‌ವೆಲ್ಲೂ ಇದೆ. 3 ಎಕರೆಗೆ ಪಾಮ್ ಆಯಿಲ್ ಹಾಕಬೇಕು. ನರ್ಸರಿಗೆ ಹೋದ ಭಾವ ವಿಡಿಯೊ ಕಳಿಸಿದ್ದಾರೆ. ಎಲ್ಲಾ ಒಂದೇ ವಯಸ್ಸಿನವು, ವರ್ಷ ತುಂಬಿದೆ. ಆದ್ರೆ ಕೆಲವು ಪೊರಕೆ ನಿಲ್ಲಿಸಿದ ಹಾಗೆ ನೆಟ್ಟಗೆ, ಎಲ್ಲಕ್ಕಿಂತ ಎತ್ತರ. ಕೆಲವು ಸಾಧಾರಣ ಎತ್ತರ, ಗರಿ ಹರಡಿವೆ. ಇನ್ನು ಕೆಲವದರಲ್ಲಿ ಗರಿ ಸೀಳೇ ಇಲ್ಲ. ಅಲ್ಲಿನವರು ‘ಎತ್ತರದ್ದೇ ಒಯ್ಯಿರಿ’ ಅಂತಾರಂತೆ. ಭಾನುವಾರ ಹೋಗ್ತಿದ್ದೀನಿ, ಏನು ನೋಡಲಿ?

ಗರಿಗಣ್ಣು:
ಆ ನೆಟ್ಟಗಿರೋವನ್ನ ಮುಟ್ಟಬೇಡಿ ಸರ್. ಅಕ್ಕಪಕ್ಕದ ಸಸಿಗಳ ಗರಿ ಹರಡಿರುವಾಗ ಇದೊಂದರದ್ದು ಮಾತ್ರ ಮೇಲಕ್ಕೇ ಮುಖ ಮಾಡಿದ್ರೆ ಅದು ತಳಿದೋಷ. ಮರ ಜೋರಾಗಿ ಬೆಳೆಯುತ್ತೆ, ಗೊನೆ ಬಿಡೋದು ಅನುಮಾನ. ಇಡೀ ಸಾಲೇ ಉದ್ದುದ್ದ, ಬುಡ ಸಣ್ಣ ಅಂದ್ರೆ ಕಾರಣ ಬೇರೆ: ಪ್ಯಾಕೆಟ್‌ಗಳನ್ನ ಒತ್ತೊತ್ತಾಗಿ ಇಟ್ಟಿದ್ದಾರೆ. ದೊಡ್ಡ ಸಸಿಗೆ ಸುಮಾರು 90 ಸೆಂ.ಮೀ. ಅಂತರ ಬೇಕು.

ಟೇಪ್ ಒಯ್ಯಿರಿ. 12–14 ತಿಂಗಳ ಸಸಿ 1ರಿಂದ 1.2 ಮೀಟರ್ ಎತ್ತರ, ಬುಡದ ಸುತ್ತಳತೆ 20–25 ಸೆಂ.ಮೀ., ಹಸಿರು ಗರಿ ಹನ್ನೆರಡರ ಆಸುಪಾಸು ಇರಬೇಕು. ನನ್ನ ಕೇಳಿದ್ರೆ ಎತ್ತರಕ್ಕಿಂತ ಬುಡದ ದಪ್ಪ ಮುಖ್ಯ.

ವರ್ಷ ತುಂಬಿದ್ರೂ ಗರಿ ಸೀಳದೇ ಇರೋದು, ಹೊಸ ಗರಿ ಹಳೇದಕ್ಕಿಂತ ಗಿಡ್ಡ ಬಂದು ತಲೆ ಕತ್ತರಿಸಿದ ಹಾಗೆ ಚಪ್ಪಟೆ ಕಾಣೋದು, ಹುಲ್ಲಿನಂಥ ಕಿರಿದಾದ ಎಲೆ, ಸುಳಿ ತಿರುಚಿದ್ದು, ಇವೆಲ್ಲ ಬೇಡ. ಚಪ್ಪಟೆ ತಲೆ ಹತ್ತಿರದಿಂದ ತಿಳಿಯಲ್ಲ, ನಾಲ್ಕು ಹೆಜ್ಜೆ ಹಿಂದೆ ಸರಿದು ಪಕ್ಕದಿಂದ ನೋಡಿ. ಅಂದಹಾಗೆ ಚೆನ್ನಾಗಿ ನಡೆಸೋ ನರ್ಸರಿಯಲ್ಲೂ ಹೆಚ್ಚುಕಡಿಮೆ ಕಾಲುಭಾಗ ಸಸಿ ತೆಗೆದುಹಾಕ್ತಾರೆ. ‘ಒಂದೂ ತೆಗೆದಿಲ್ಲ’ ಅಂದ್ರೆ ಅಲ್ಲಿಂದ ಎದ್ದುಬನ್ನಿ.

ಕಾಲುವೆ_ಕೊನೆ:
ಥ್ಯಾಂಕ್ಸ್ ಸರ್. ಹರಡಿದ ಸಸಿಗಳಲ್ಲಿ ಒಂದಷ್ಟಕ್ಕೆ ಕೆಳಗಿನ ಗರಿ ಕಿತ್ತಳೆ ಬಣ್ಣಕ್ಕೆ ತಿರುಗಿದೆ. ಅವೂ ಬೇಡ್ವಾ? ಇನ್ನೊಂದು, ಪಕ್ಕದ ತೋಟದಲ್ಲಿ ಹಣ್ಣು ಉದುರಿ ಎದ್ದ ಸಸಿ ಬಿಟ್ಟಿಯಾಗಿ ಸಿಗುತ್ತೆ.

ಗರಿಗಣ್ಣು:
ಬಿಸಿಲು ಬಿದ್ದ ಭಾಗ ಕಿತ್ತಳೆ, ನೆರಳಿನ ಭಾಗ ಹಸಿರು ಅಂದ್ರೆ ಮೆಗ್ನೀಷಿಯಂ ಕೊರತೆ. ಮೆಗ್ನೀಷಿಯಂ ಸಲ್ಫೇಟ್ ಕೊಟ್ರೆ ಮುಂದಿನ ಗರಿ ಸರಿ ಬರುತ್ತೆ. ಬುಡ ದಪ್ಪ ಇದ್ರೆ ತಗೊಳ್ಳಿ. ಹಳದಿ ಅಂಚಿರೋ ಕಂದು ಚುಕ್ಕೆ ಎಲೆ ತುಂಬಾ ಇದ್ರೆ ಶಿಲೀಂಧ್ರ ರೋಗ, ಆ ಸಾಲೇ ಬೇಡ.

ಬಿಟ್ಟಿ ಸಸಿ ಬಗ್ಗೆ @ಚಿಪ್ಪು_ತಿರುಳು ಹೇಳ್ತಾರೆ, ಅವರ ಮೆಚ್ಚಿನ ವಿಷಯ.

ಚಿಪ್ಪು_ತಿರುಳು:
ಹೌದು, ಇದಕ್ಕೇ ಕಾಯ್ತಿದ್ದೆ! ತೋಟದಲ್ಲಿರೋದು ಟೆನೆರಾ ಅನ್ನೋ ಮಿಶ್ರತಳಿ. ಹಣ್ಣಿನೊಳಗೆ ದಪ್ಪ ಚಿಪ್ಪಿರೋ ಡ್ಯೂರಾ ತಾಯಿ, ಚಿಪ್ಪಿಲ್ಲದ ಪಿಸಿಫೆರಾ ತಂದೆ. ಆ ತೋಟದಲ್ಲಿ ಉದುರಿದ ಬೀಜ ಹುಟ್ಟಿದ್ರೆ ನಾಲ್ಕರಲ್ಲಿ ಎರಡು ಮಾತ್ರ ಟೆನೆರಾ. ಒಂದು ಡ್ಯೂರಾ, ಎಣ್ಣೆ ಕಮ್ಮಿ. ಇನ್ನೊಂದು ಪಿಸಿಫೆರಾ, ಅದರಲ್ಲಿ ಗೊನೆ ಸಾಮಾನ್ಯವಾಗಿ ಕಟ್ಟೋದೇ ಇಲ್ಲ. ಸಸಿ ನೋಡಿ ಇದನ್ನ ಗುರುತಿಸೋಕೆ ಆಗಲ್ಲ ಅಣ್ಣಾ, ಗೊತ್ತಾಗೋದು ಫಸಲು ಬಂದಾಗ. ಹಾಗಾಗಿ ನರ್ಸರಿಯಲ್ಲಿ ಮೊದಲು ಕೇಳಬೇಕಾದ್ದು ಬೀಜ ಎಲ್ಲಿಂದ ಬಂತು ಅನ್ನೋ ಕಾಗದ. ಲಾಟ್ ನಂಬರ್ ಬರೆದುಕೊಳ್ಳಿ.

ಕಾಲುವೆ_ಕೊನೆ:
ಹಾಗಿದ್ರೆ ಬಿಟ್ಟಿದು ಬೇಡ. 3 ಎಕರೆಗೆ ಎಷ್ಟು ಸಸಿ?

ಗರಿಗಣ್ಣು:
9 ಮೀಟರ್ ತ್ರಿಕೋನ ನಾಟಿಗೆ ಹೆಕ್ಟೇರಿಗೆ 143, ಎಕರೆಗೆ 57. ನಿಮಗೆ 171, ಸತ್ತಲ್ಲಿ ನೆಡೋಕೆ ಹತ್ತು ಜಾಸ್ತಿ ಹಾಕಿಸಿ. ಲೋಡ್ ಮಾಡೋರು ಗರಿ ಹಿಡಿದು ಎತ್ತದ ಹಾಗೆ ಭಾವನವರನ್ನ ಗಾಡಿ ಹತ್ರ ನಿಲ್ಲಿಸಿ. ಪ್ಯಾಕೆಟ್ ತಳಕ್ಕೆ ಕೈ ಕೊಟ್ಟೇ ಎತ್ತಬೇಕು, ಇಲ್ಲಾಂದ್ರೆ ಮಣ್ಣು ಒಡೆದು ಬೇರು ಹರಿಯುತ್ತೆ.