ಅಪ್‌ಡೇಟ್: ಎಕ್ಸ್‌ಕವೇಟರ್‌ನ ಆಯಿಲ್ ಪ್ರೆಶರ್ ಕೋಡ್ ಕೊನೆಗೂ ಹೋಯಿತು

ಸೆಕೆಂಡ್ ಹ್ಯಾಂಡ್ ಕೊಂಡ ನನ್ನ 20 ಟನ್ನಿನ ಎಕ್ಸ್‌ಕವೇಟರ್ ಬಿಸಿಯಾದೊಡನೆ ಎಸ್‌ಪಿಎನ್ (ದೋಷ ಯಾವುದರಲ್ಲಿ ಎಂದು ಹೇಳುವ ಸಂಖ್ಯೆ) 100 ಅಂದರೆ ಆಯಿಲ್ ಪ್ರೆಶರ್ ಮತ್ತು 102 ಅಂದರೆ ಇಂಟೇಕ್ ಗಾಳಿಯ ಪ್ರೆಶರ್, ಈ ಎರಡಕ್ಕೂ ಎಫ್‌ಎಂಐ (ದೋಷದ ಬಗೆ) 4 ತೋರಿಸಿ ಪವರ್ ಇಳಿಸಿಕೊಳ್ಳುತ್ತಿದೆ ಎಂದು ಹೋದ ವಾರ ಕೇಳಿದ್ದೆ. ಅದು ಈಗ ಸರಿಹೋಗಿದೆ.

ಆಯಿಲ್ ಪ್ರೆಶರ್ ಸೆನ್ಸರ್ ಹೊಸದು ಹಾಕಿದರೂ ಕೋಡ್ ಹೋಗಲಿಲ್ಲ. ಬ್ಯಾಟರಿಯ ಅರ್ತ್ ಉಜ್ಜಿದ್ದರಿಂದಲೂ ಪ್ರಯೋಜನವಾಗಲಿಲ್ಲ. ಮೆಕ್ಯಾನಿಕಲ್ ಗೇಜ್ ಹಾಕಿ ನೋಡಿದ ಮೇಲೆ ನಿಜವಾದ ಆಯಿಲ್ ಪ್ರೆಶರ್ ಸರಿಯಿದೆ ಎಂಬ ಧೈರ್ಯವಂತೂ ಬಂತು. ಕೊನೆಗೆ ಕೈಹಿಡಿದದ್ದು, ಎಫ್‌ಎಂಐ 4 ಎಂದರೆ ಇಲ್ಲಿ ಪ್ರೆಶರ್ ಕಡಿಮೆ ಎಂದಲ್ಲ, ಸಿಗ್ನಲ್ ವೋಲ್ಟೇಜ್ ಕಡಿಮೆ ಎಂದರ್ಥ, ಆದ್ದರಿಂದ ಎರಡೂ ಸೆನ್ಸರ್‌ಗಳಿಗೆ ಹೋಗುವ 5 ವೋಲ್ಟ್ ಸಪ್ಲೈಯನ್ನೇ ಮೊದಲು ಅಳೆಯಿರಿ ಎಂದವರ ಸಲಹೆ. ಎಂಜಿನ್ ಬಿಸಿಯಿದ್ದಾಗ ಮಲ್ಟಿಮೀಟರ್ 0.7 ವೋಲ್ಟ್ ತೋರಿಸಿತು. ಸೆನ್ಸರ್‌ಗಳ ಕನೆಕ್ಟರ್ ಒಂದೊಂದಾಗಿ ಕಳಚಿದರೂ ಅದು ಏರದಿದ್ದುದರಿಂದ ವೈರಿಂಗನ್ನು ಅಲುಗಾಡಿಸುತ್ತ ಹೋದೆ. ಎಂಜಿನ್ ಬ್ಲಾಕಿನ ಹಿಂದಿನ ಬ್ರ್ಯಾಕೆಟ್ ಬಳಿ ಅದು ಒಮ್ಮೆಲೇ 4.98ಕ್ಕೆ ಜಿಗಿಯಿತು. ಅಲ್ಲಿ ಟೇಪ್ ಬಿಚ್ಚಿದರೆ, ಕಡಲೆಕಾಳಿನಷ್ಟು ಜಾಗದಲ್ಲಿ ಇನ್ಸುಲೇಷನ್ ಸವೆದು ತಾಮ್ರ ಹೊಳೆಯುತ್ತಿತ್ತು; ಅದು ಬ್ರ್ಯಾಕೆಟ್‌ಗೆ ತಗುಲಿ 5 ವೋಲ್ಟ್ ಸಪ್ಲೈ ಶಾರ್ಟ್ ಆಗುತ್ತಿತ್ತು.

ಪಟ್ಟಿಯಲ್ಲಿದ್ದರೂ ಹಳೆಯ ಕೋಡ್ ಎಂದು ನಾನೇ ಕಡೆಗಣಿಸಿದ್ದ ಎಸ್‌ಪಿಎನ್ 3509, ಸೆನ್ಸರ್ ಸಪ್ಲೈ ವೋಲ್ಟೇಜಿನ ಕೋಡ್ ಎಂದು ಆಮೇಲೆ ತಿಳಿಯಿತು. ನಾನು ಬಿಚ್ಚಿದ ಸೆನ್ಸರ್ ಕೂಡ ಹೊಸದರಂತೆಯೇ ಇತ್ತು; ಮಾರಿದವರೂ ಇದೇ ದಾರಿಯಲ್ಲಿ ಹಣ ಕಳೆದಿರಬೇಕು. ವೈರಿಗೆ ಸ್ಲೀವ್ ಹಾಕಿ, ಬ್ರ್ಯಾಕೆಟ್‌ನಿಂದ ದೂರ ಕಟ್ಟಿದ ಮೇಲೆ ಯಂತ್ರ 40 ಗಂಟೆ ಓಡಿದೆ, ಕೋಡ್ ಮರಳಿ ಬಂದಿಲ್ಲ.