ಕ್ಯೋಟೊದ ಗಿಯೊನ್ ಜಾತ್ರೆ: ಅಮ್ಮನಿಗೆ ತಿನ್ನೋಕೆ ಏನಾದರೂ ಸಿಗುತ್ತದಾ?

ಒಗ್ಗರಣೆ_ಡಬ್ಬಿ:
ಜುಲೈನಲ್ಲಿ ಕೆಲಸದ ಮೇಲೆ ಒಸಾಕಾಗೆ ಹೋಗುತ್ತಿದ್ದೇನೆ, ಅಮ್ಮನೂ ಜೊತೆಗೆ ಬರುತ್ತಾರೆ. 15 ಅಥವಾ 16ರ ಸಂಜೆ ಕ್ಯೋಟೊಗೆ ಹೋಗಿ ಗಿಯೊನ್ ಮತ್ಸುರಿ ನೋಡೋಣ ಅಂತ. ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಬೀದಿ ಅಂಗಡಿಗಳಲ್ಲಿ ಅವರಿಗೆ ಏನಾದರೂ ಸಿಗುತ್ತದಾ, ಇಲ್ಲ ಚಪಾತಿ ಕಟ್ಟಿಕೊಂಡೇ ಹೋಗಬೇಕಾ? ಮನೆಗೆ ತರೋಕೆ ಕೈಕೆಲಸದ್ದು ಏನು ಚೆನ್ನಾಗಿರುತ್ತದೆ?

ಮಲೆನಾಡ_ಮಳೆ:
ಕಟ್ಟಿಕೊಳ್ಳಿ, ತಮಾಷೆಗೆ ಹೇಳುತ್ತಿಲ್ಲ. ತಕೊಯಾಕಿಯಲ್ಲಿ ಆಕ್ಟೋಪಸ್ ಇರುತ್ತದೆ. ಒಕೊನೊಮಿಯಾಕಿ ನೋಡೋಕೆ ಎಲೆಕೋಸಿನ ದೋಸೆ ಥರ, ಆದರೆ ಹಿಟ್ಟಿಗೇ ಮೊಟ್ಟೆ, ಮೀನಿನ ಸಾರು ಬಿದ್ದಿರುತ್ತದೆ. ಬೆಣ್ಣೆ ಹಾಕಿದ ಬಿಸಿ ಆಲೂಗಡ್ಡೆ, ಐಸ್ ತುರಿದು ಪಾಕ ಸುರಿಯುವ ಕಕಿಗೊರಿ, ಇವು ಪರವಾಗಿಲ್ಲ. ಸುಟ್ಟ ಜೋಳವೂ ಇದೆ, ನಾವು ನಿಂಬೆ-ಖಾರ ಉಜ್ಜುವ ಜಾಗದಲ್ಲಿ ಅವರು ಸೋಯಾ ಸಾಸ್ ಸವರುತ್ತಾರೆ. ಕಡ್ಡಿಗೆ ಚುಚ್ಚಿದ ತಣ್ಣನೆಯ ಉಪ್ಪಿನ ಸೌತೆಕಾಯಿ ಕೂಡ ಸಿಗುತ್ತದೆ, ಆದರೆ ಮೀನಿನ ಸಾರಲ್ಲಿ ನೆನೆಸಿದ್ದಾ ಅಂತ ಕೇಳಿ. ತಮಾಷೆ ಅಂದ್ರೆ ಈ ಜಾತ್ರೆ ನಡೆಸುವ ಯಸಾಕಾ ದೇವಸ್ಥಾನದ ಒಕ್ಕಲಿನವರು ಈ ತಿಂಗಳು ಸೌತೆಕಾಯಿಯನ್ನೇ ತಿನ್ನುವುದಿಲ್ಲ, ಅಡ್ಡ ಕೊಯ್ದರೆ ದೇವರ ಲಾಂಛನದ ಹಾಗೆ ಕಾಣುತ್ತದೆ ಅಂತ!

15-16 ಬಿಟ್ಟು ಬೇರೆ ದಿನ ಹೋಗಬೇಡಿ. 24ರ ಎರಡನೇ ಮೆರವಣಿಗೆಯ ಹಿಂದಿನ ಸಂಜೆಗಳಲ್ಲಿ ಈ ಅಂಗಡಿಗಳು ಇರುವುದಿಲ್ಲ.

ಕಡುಬು_ಪ್ರಿಯ:
ಚಿಮಕಿ ತನ್ನಿ. ಬಿದಿರೆಲೆ ಸುತ್ತಿ ಕಟ್ಟಿರುತ್ತಾರೆ, ಥೇಟ್ ಎಲೆಗಡುಬು. ನಾನು ಹಸಿವಿನಲ್ಲಿ ಸುಮಾರು 1,000 ಯೆನ್ ಕೊಟ್ಟು ಒಂದು ಕಟ್ಟು ತಗೊಂಡು, ಅಲ್ಲೇ ಕಟ್ಟೆ ಮೇಲೆ ಕೂತು ದಾರ ಬಿಚ್ಚಿ, ಎಲೆ ಸುಲಿದು, ಇನ್ನೊಂದು ಎಲೆ ಸುಲಿದು ನೋಡಿದರೆ ಒಳಗೆ ಬರೀ ಒಣಹುಲ್ಲು! ಪಕ್ಕದಲ್ಲಿದ್ದ ಅಜ್ಜಿ ನಕ್ಕಿದ್ದೇ ನಕ್ಕಿದ್ದು. ಅದು ರೋಗ ಬರದಿರಲಿ ಅಂತ ಬಾಗಿಲಿಗೆ ಕಟ್ಟೋದಂತೆ, ವರ್ಷಪೂರ್ತಿ. ಜಾತ್ರೆಯೇ 869ರಲ್ಲಿ ಊರಿಗೆ ಬಿದ್ದ ರೋಗ ಹೋಗಲಿ ಅಂತ ಶುರುವಾದದ್ದು, ನಮ್ಮ ಮಾರಿಜಾತ್ರೆ ಥರ. ಬೀಸಣಿಗೆ, ನಮ್ಮ ಚೌಕದ ಹಾಗಿರುವ ತೆನುಗುಯಿ ಬಟ್ಟೆ ಕೂಡ ಸಿಗುತ್ತವೆ. ಬೀಸಣಿಗೆ ಅಲ್ಲೇ ಬೇಕಾಗುತ್ತದೆ, ಮಂಗಳೂರಿನ ಸೆಕೆ.

ಹಳೇ_ಮಗ್ಗ:
ಕೊಳ್ಳೋದು ಇರಲಿ, ಮೆರವಣಿಗೆಯ ರಥಗಳನ್ನು ಹತ್ತಿರದಿಂದ ನೋಡಿ. ಒಂದೊಂದು 12 ಟನ್ ತನಕ ತೂಗುತ್ತದೆ, ಆದರೂ ಚೌಕಟ್ಟಿಗೆ ಒಂದು ಮೊಳೆ ಹೊಡೆಯುವುದಿಲ್ಲ, ಎಲ್ಲ ಹುಲ್ಲಿನ ಹಗ್ಗದ ಬಿಗಿ. ಎಲ್ಲರೂ ಲಾಟೀನಿನ ಫೋಟೊ ತೆಗೆಯೋದರಲ್ಲೇ ಇರುತ್ತಾರೆ, ಪಕ್ಕದಲ್ಲಿ ತೂಗುಬಿಟ್ಟ ಬಟ್ಟೆಯನ್ನು ಯಾರೂ ನೋಡುವುದಿಲ್ಲ. ಅದರಲ್ಲಿ ಬೆಲ್ಜಿಯಂನಲ್ಲಿ 16ನೇ ಶತಮಾನದಲ್ಲಿ ನೇಯ್ದದ್ದಿದೆ, ನಮ್ಮ ದೇಶದಿಂದ ಹಡಗಿನಲ್ಲಿ ಹೋದ ರತ್ನಗಂಬಳಿಗಳೂ ಇವೆ, ಕೆಲವು ದಖ್ಖನಿನವು. ಹಳೆಯವನ್ನು ಜೋಪಾನ ಮಾಡಿ ಈಗ ಎಷ್ಟೋ ಕಡೆ ನಕಲು ಹಾಕುತ್ತಾರೆ, ಆದರೂ ಅಮ್ಮನಿಗೆ ತೋರಿಸಿ.

ಒಗ್ಗರಣೆ_ಡಬ್ಬಿ:
ಎಲ್ಲ ಓದಿ ಹೇಳಿದೆ. ಚಪಾತಿ ಬೇಡ, ಗೊಜ್ಜವಲಕ್ಕಿ ಮಾಡಿಕೊಳ್ಳೋಣ ಅಂದರು. ಸೌತೆಕಾಯಿ ಮಾತ್ರ ಅವರೂ ತಿನ್ನುವುದಿಲ್ಲವಂತೆ, ಯಾವ ದೇವರಾದರೇನು ಅಂತ.