ಮೈಸೂರು ರೋಡಲ್ಲಿ 100ರಲ್ಲಿ ಹೋದ್ರೆ ಹಿಂದಿನವ್ರಿಗೆ ಯಾಕಷ್ಟು ಸಿಟ್ಟು?

ಭಾನುವಾರದ ಡ್ರೈವರ್: ವಾರವಾರ ಬೆಂಗಳೂರಿಂದ ಎಕ್ಸ್‌ಪ್ರೆಸ್‌ವೇಲಿ ಮೈಸೂರಿಗೆ ಹೋಗಿ ಭಾನುವಾರ ಸಂಜೆ ವಾಪಸ್ ಬರ್ತೀನಿ. ಲಿಮಿಟ್ 100 ಅಂತ ಮಧ್ಯದ ಲೇನಲ್ಲಿ ನನ್ನ ಪಾಡಿಗೆ ಹೋಗ್ತಿದ್ರೂ ಹಿಂದಿಂದ ಡಿಪ್ಪರ್ ಹೊಡ್ಕೊಂಡು ಬಂದು ಎಡಗಡೆಯಿಂದ ನುಗ್ತಾರೆ, ಕ್ಯಾಮೆರಾ ಕಂಡ ತಕ್ಷಣ ಅವ್ರೇ ಬ್ರೇಕ್ ತುಳೀತಾರೆ, ಅದು ದಾಟಿದ್ಮೇಲೆ ಮತ್ತೆ ಶುರು. ನಮ್ಮ ಭಾವನೂ ಹಿಂಗೇ. ಕೇಳಿದ್ರೆ 'ಇಷ್ಟು ಟೋಲ್ ಕಟ್ಟಿ ಎತ್ತಿನಗಾಡಿ ಥರ ಹೋಗ್ಬೇಕಾ' ಅಂತಾರೆ. ಅದೇ ಭಾವ ಬೆಂಗಳೂರೊಳಗೆ ನಾಯಂಡಹಳ್ಳಿ ಹತ್ರ ಜಾಮಲ್ಲಿ ಅರ್ಧ ಗಂಟೆ ತೆಪ್ಪಗೆ ಕೂತಿರ್ತಾರೆ. ಇದ್ಯಾವ ಲೆಕ್ಕ?

ಲೆಕ್ಕದ ಮೇಷ್ಟ್ರು: ಲೆಕ್ಕ ನಾನು ಹೇಳ್ತೀನಿ. ಬೆಂಗಳೂರು-ಮೈಸೂರು ಸುಮಾರು 118 ಕಿಮೀ. 100ರಲ್ಲಿ ಹೋದ್ರೆ 71 ನಿಮಿಷ, 120ರಲ್ಲಿ 59. ಉಳಿಯೋದು ಬರೀ 12 ನಿಮಿಷ, ಅದೂ ಎಲ್ಲೂ ಕಾಲು ತೆಗೀದೇ ಒತ್ಕೊಂಡೇ ಇದ್ರೆ. ಬೈಪಾಸ್ ಬಿಟ್ಟು ಮದ್ದೂರೊಳಗೆ ವಡೆ ತಿನ್ನಕ್ಕೆ ಹೋದ್ರೆ ಅದೂ ಗೋವಿಂದ. ಆದ್ರೆ ಬ್ರೇಕ್ ಹಾಕಿದ್ಮೇಲೆ ಗಾಡಿ ನಿಲ್ಲಕ್ಕೆ ಬೇಕಾಗೋ ದೂರ 100ಕ್ಕಿಂತ 120ರಲ್ಲಿ ಹೆಚ್ಚುಕಮ್ಮಿ ಒಂದೂವರೆ ಪಟ್ಟು, ಇದನ್ನ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ.

ಹಳದಿ ಬೋರ್ಡ್: ಸರ್ ನಾನು ಕ್ಯಾಬ್ ಓಡಿಸೋನು, ನಮ್ ಗಾಡಿಲಿ ವೇಗ ಏರದಂಗೆ ತಡೆಯೋ ಸ್ಪೀಡ್ ಗವರ್ನರ್ ಇರೋದ್ರಿಂದ 80ಕ್ಕೆ ಕಟ್ಟಾಗುತ್ತೆ, ಕಸ್ಟಮರ್ ಹಿಂದೆ ಕೂತು 'ಸ್ವಲ್ಪ ಒತ್ರೀ' ಅಂತಾನೇ ಇರ್ತಾರೆ. ನಮ್ಮನ್ನ ಹಿಂದೆ ಹಾಕಿ ಹಾರಿದ ಕಾರೆಲ್ಲ ಸಿಟಿ ಶುರುವಾಗೋ ಕುಂಬಳಗೋಡು ಕೆಂಗೇರಿ ಹತ್ರ ಜಾಮಲ್ಲಿ ಒಟ್ಟಿಗೆ ಸಿಕ್ಕಿಬಿದ್ದಿರ್ತವೆ, ಎಷ್ಟೋ ಸಲ ನಾನು ಪಕ್ಕದಲ್ಲೇ ಹೋಗಿ ನಿಂತಿದೀನಿ. ವಾರ ಪೂರ್ತಿ ಸಿಟಿಲಿ ಎರಡನೇ ಗೇರ್‌ನಲ್ಲೇ ತೆವಳಿ ತೆವಳಿ ಸಾಕಾಗಿ, ರೋಡ್ ಖಾಲಿ ಕಂಡ್ರೆ ಆ ಸಿಟ್ಟೆಲ್ಲ ಆಕ್ಸಿಲರೇಟರ್ ಮೇಲೆ. ಅಷ್ಟೇ.

ಬಲಗಡೆ ಲೇನ್: ನಾನೂ ಒತ್ತೋನೇ, ಒಪ್ಕೊಂತೀನಿ ಗುರು. ಆದ್ರೆ ಬಲಗಡೆ ಲೇನಲ್ಲಿ 60ರಲ್ಲಿ ಹೋಗೋ ಲಾರಿಗೆ ಯಾರೂ ಏನೂ ಅನ್ನಲ್ವಲ್ಲ? ಎಷ್ಟು ಹಾರ್ನ್ ಹೊಡೆದ್ರೂ ಸರಿಯಲ್ಲ, ಅದಕ್ಕೇ ಎಡಗಡೆ ನುಗ್ಗೋದು. 2023ರ ಆಗಸ್ಟ್‌ನಿಂದ ಬೈಕು ಆಟೋ ಬಿಡ್ತಿಲ್ಲ, ಸರಿ, ಲೇನ್ ಶಿಸ್ತು ಯಾರು ಕಲಿಸ್ತಾರೆ? 130 ದಾಟಿದ್ರೆ ಎಫ್‌ಐಆರ್ ಅಂತ 2024ರಲ್ಲಿ ಬಂತಲ್ಲ, ಆಮೇಲಿಂದ ನಾನು 125 ದಾಟಿಲ್ಲ 😅

ಲೆಕ್ಕದ ಮೇಷ್ಟ್ರು: 125 ಅಂತ ಹೆಮ್ಮೆ ಬೇರೆ! ಲಿಮಿಟ್ 100 ಕಣ್ರೀ. ಲಾರಿ ವಿಷ್ಯ ಮಾತ್ರ ನಿಜ.

ಭಾನುವಾರದ ಡ್ರೈವರ್: 12 ನಿಮಿಷದ ಲೆಕ್ಕ ಭಾವಂಗೆ ಕಳಿಸ್ದೆ. 'ನಿಮ್ಮಕ್ಕ ಹೊರಡೋದೇ ಮುಕ್ಕಾಲು ಗಂಟೆ ಲೇಟು, ಆ ಲೆಕ್ಕನೂ ಮೇಷ್ಟ್ರಿಗೆ ಕೊಡು' ಅಂದ್ರು.